ನೀರು ಕೇಳದ ಬಳ್ಳಿ

ಕೊಯ್ಲಿಗೆ ಹದಿನೈದು ದಿನ ಇರುವಾಗ ತಿಕೋಟಾದ ಒಂದು ತೋಟದಲ್ಲಿ, ರುಚಿ ಗಟ್ಟಿಯಾಗಲೆಂದು ವೈನಿನ ದ್ರಾಕ್ಷಿಗೆ ನೀರು ನಿಲ್ಲಿಸುತ್ತಾರೆ. ಅವತ್ತಿನಿಂದ ಬಳ್ಳಿಗಳು ಮಾತು ಶುರುಮಾಡುತ್ತವೆ.

"ಯವ್ವಾ, ಒಂದ್ ಗುಟುಕ ನೀರ ಕೊಡ," ಎಂದಿತು ತಗ್ಗಿನ ಎರೆಮಣ್ಣಿನ ಬಳ್ಳಿ.

ನೀರು ಬಿಡುವ ನೀಲಗಂಗವ್ವ, ಕೇಳಿದವರಿಗೆ ನೀರಿನ ಜೊತೆ ಬೆಲ್ಲವನ್ನೂ ಕೊಡುವ ಮನೆಯಲ್ಲಿ ಬೆಳೆದವಳು. ಹೋದ ವರ್ಷ ಮನಸ್ಸು ತಡೆಯದೆ ಒಂದು ಸಾಲಿಗೆ ಬೆಲ್ಲದ ನೀರು ಹಾಕಿದ್ದಳು. ಆ ಸಾಲಿನ ವೈನು ಸಪ್ಪಗಾಗಿ ಬೈಸಿಕೊಂಡಿದ್ದಳು. ಈ ಸಲ ಬುಡ ಕೆದರಿ ನೋಡಿದಳು. ಗೇಣು ಕೆಳಗೆ ಮಣ್ಣು ಇನ್ನೂ ಒದ್ದೆಯಿತ್ತು.

"ಹೊಟ್ಟಿ ತುಂಬಿದ್ರೂ ಬೇಡತೀಯಲ್ಲ, ನಾಚಿಕಿ ಇಲ್ಲೇನು?" ಎಂದು ಗದರಿ, ನೀರಿನ ತಂಬಿಗೆ ಹಿಡಿದು ದಿನ್ನೆ ಹತ್ತಿದಳು.

ದಿನ್ನೆಯ ಮೇಲೆ ಬರೀ ಕಲ್ಲುಗರಸು. ಅಲ್ಲಿನ ಬಳ್ಳಿಗಳು ಎಂದೂ ಬೇಡಿದ್ದಿಲ್ಲ. ತೋಟದ ಅತಿ ಒಳ್ಳೆಯ ವೈನು ಅವುಗಳದ್ದೇ. ಇವತ್ತು ಮಾತ್ರ ಎಲೆಗಳು ಮುದುಡಿದ್ದವು. ವೈನು ಮಾಡುವ ದಸ್ತಗೀರ ಅಲ್ಲೇ ಹಣ್ಣೊಂದನ್ನು ಅಗಿಯುತ್ತ ನಿಂತಿದ್ದ.

"ಸತ್ತಗಿತ್ತಾವೇನೋ ತಮ್ಮಾ. ಒಂದ್ ತಂಬಿಗಿ ಹಾಕ್ಲೇನು?"

"ಹಾಕಿದ್ರ ರುಚಿ ಹೋಗತೈತಿ ಚಿಗವ್ವಾ. ಹಾಕಲಿಲ್ಲಂದ್ರ ಬಳ್ಳಿನ ಹೋದೀತು. ನೀನ ಕೇಳಿ ನೋಡು."

ಅವಳು ಬಗ್ಗಿದಳು. "ನೀರ ಬೇಕೇನ ನನ್ನವ್ವಾ?"

ಎಲೆ ಸರಿಸಿ, ಇನ್ನಷ್ಟು ಜೋರಾಗಿ ಕೇಳಿದಳು.

"ಗದ್ದಲ ಮಾಡಬ್ಯಾಡ," ಬಳ್ಳಿ ಪಿಸುಗುಟ್ಟಿತು. "ಕಲ್ಲಿನ ಕೆಳಗ ಎಲ್ಲೋ ನೀರು ಹರಿಯಾಕತ್ತೈತಿ. ಸಪ್ಪಳ ಕೇಳಾಕತ್ತೀನಿ."

ನೀಲಗಂಗವ್ವ ಮೆಲ್ಲಗೆ ತಂಬಿಗೆ ಕೆಳಗಿಟ್ಟು ನೆಲಕ್ಕೆ ಕಿವಿ ಹಚ್ಚಿದಳು. ದಸ್ತಗೀರ ಅಗಿಯುವುದನ್ನೂ ನಿಲ್ಲಿಸಿದ.