ಆರನೇ ವರ್ಷದ ಉಸಿರು

ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಆ ವಾರ್ಡಿನಲ್ಲಿ ಪ್ರತಿ ಗಾಜಿನ ಪೆಟ್ಟಿಗೆಗೂ ಒಂದು ಇಯರ್‌ಫೋನ್ ಇತ್ತು. ಬೆಳಗ್ಗೆ ಹಾಲು ಕೊಟ್ಟಾದ ಮೇಲೆ ತಾಯಂದಿರು ಅದನ್ನು ಕಿವಿಗಿಟ್ಟು, ತಮ್ಮ ಕೂಸು ಆರು ವರ್ಷದ್ದಾದಾಗ ಹೇಗೆ ಉಸಿರಾಡುತ್ತದೆಂದು ಕೇಳುತ್ತಿದ್ದರು.

"ನನ್ನವಳು ಥೇಟ್ ನಮ್ಮತ್ತೆ ಹಾಗೇ ಗೊರಕೆ ಹೊಡೀತಾಳೆ," ಎಂದು ಪಕ್ಕದ ಮೆಹರುನ್ ನಕ್ಕಳು. "ನಿಮ್ಮವನು?"

ಮಂದಾಕಿನಿ ಇನ್ನೂ ಇಯರ್‌ಫೋನ್ ಕೈಯಲ್ಲೇ ಹಿಡಿದಿದ್ದಳು. ವಾರದಿಂದ ಅವಳಿಗೆ ಕೇಳಿಸಿದ್ದು ಬರೀ ಉಬ್ಬಸ. ಹುಡುಗ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದ. ಕೆಮ್ಮು ನಿಂತೊಡನೆ, ಏನೂ ಆಗದವನಂತೆ, ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದ. ನಿನ್ನೆ ಡಾಕ್ಟರು ಔಷಧಿ ಬದಲಿಸಿ, "ನಾಳೆ ಕೇಳಿ ನೋಡಿ," ಎಂದಿದ್ದರು.

ಅವಳು ಹೆದರುತ್ತಲೇ ಅದನ್ನು ಕಿವಿಗಿಟ್ಟಳು. ಉಸಿರು ತಿಳಿಯಾಗಿತ್ತು. ಉಬ್ಬಸದ ಸುಳಿವೂ ಇರಲಿಲ್ಲ.

"ಗೆದ್ರಿ ಕಣ್ರೀ," ಎಂದರು ಫಿಲೋಮಿನಾ ಸಿಸ್ಟರ್. "ಇನ್ನಾದ್ರೂ ಹೊಟ್ಟೆ ತುಂಬ ಊಟ ಮಾಡಿ."

ಅವಳ ಕಣ್ಣು ತುಂಬಿ ಬಂತು. ಆದರೂ ಇಯರ್‌ಫೋನ್ ತೆಗೆಯದೆ ಬಹಳ ಹೊತ್ತು ಕಾದಳು. ಈ ಹುಡುಗ ಗುನುಗಲಿಲ್ಲ.

"ಸಿಸ್ಟರ್, ನಿನ್ನೆಯದನ್ನ ಇನ್ನೊಂದು ಸಲ ಹಾಕ್ತೀರಾ?"

"ಔಷಧಿ ಬದಲಾದ್ಮೇಲೆ ಆ ಹುಡುಗ ಇನ್ನು ಆಗೋದೇ ಇಲ್ವಲ್ಲಮ್ಮ, ಎಲ್ಲಿಂದ ಹಾಕ್ಲಿ?" ಎಂದು ಸಿಸ್ಟರ್ ಮುಂದಿನ ಪೆಟ್ಟಿಗೆಯತ್ತ ಹೋದರು.

ಸಂಜೆ ಸುದ್ದಿ ಕೇಳಿ ಓಡಿ ಬಂದ ಗಂಡ, ಗಾಜಿಗೆ ಮುಖ ಒತ್ತಿ ಮಗನನ್ನು ನೋಡುತ್ತ, "ನೀನು ಅಂದುಕೊಂಡಿದ್ದ ಹೆಸರನ್ನೇ ಇಡೋಣ ಕಣೇ," ಎಂದ.

"ಬೇಡ, ಬೇರೆ ಯೋಚಿಸೋಣ," ಎಂದಳು ಮಂದಾಕಿನಿ. "ಅದನ್ನ ಆಗಲೇ ಒಬ್ಬನಿಗೆ ಇಟ್ಟಾಗಿದೆ."