ಅಂಚು ಸೇರಿಸಿ

"ಈ ಅಂಚು ಯಾಕ ಹೊರಗ ಚಾಚೈತಿ?" ಇಚಲಕರಂಜಿಯ ಬಟ್ಟೆ ವ್ಯಾಪಾರಿ ಬಸಗೊಂಡ ಅಂಗಡಿಯಲ್ಲಿ ಗಿರಾಕಿಗಳ ಎದುರೇ ಮೊಬೈಲಿನ ಪರದೆಗೇ ಟೇಪು ಹಿಡಿದು ಗದರಿದ. ನೇತ್ರಾ ಮಾಡಿಕೊಟ್ಟ ಅಂಗಡಿಯ ವೆಬ್‌ಸೈಟಿನಲ್ಲಿ ಸೀರೆಯ ಚಿತ್ರದ ಸುತ್ತ ಹಾಕಿದ ಅಂಚು ಅವನ ಹೆಸರನ್ನೇ ಮುಚ್ಚಿತ್ತು. ಅವನ ಹಳೇ ಕಂಪ್ಯೂಟರಿನಲ್ಲಿ ಮಾತ್ರ ಎಲ್ಲ ಸರಿಯಾಗಿತ್ತು.

"ಹಳೇ ಬ್ರೌಸರ್ ಅಂಚು ಸೇರಿಸಿ ಅಗಲ ಅಳೀತೈತ್ರಿ. ಹೊಸಾದು ಅಂಚು ಬಿಟ್ಟು ಅಳೀತೈತಿ, ಅದಕ್ಕ ಅಂಚು ಹೊರಗ ಬಂದೈತಿ," ಎಂದಳು ನೇತ್ರಾ.

"ಹಳೇದ ಖರೇ ಐತಿ. ಅಂಚು ಬಿಟ್ಟು ಅಳಿಯಾಂವ ಕಳ್ಳ!"

ನೇತ್ರಾ ಮೂಲೆಯಲ್ಲಿ ಬಿದ್ದಿದ್ದ ಬಟ್ಟೆಯ ಥಾನನ್ನು ಎತ್ತಿ ತಂದು ಅವನೆದುರು ಕುಕ್ಕಿದಳು. ಅದು ಪಕ್ಕದ ಊರು ಕೊರೋಚಿಯಲ್ಲಿ ಅವಳಪ್ಪ ನೇಯ್ದದ್ದು. ಅಂಚು ಬಿಟ್ಟು ಅಳೆದು, ಅಗಲ ಸಾಲದೆಂದು ಬಸಗೊಂಡ ಬೆಳಗ್ಗೆಯಷ್ಟೇ ಅದನ್ನು ಕಾಲಿನಿಂದ ಸರಿಸಿದ್ದ.

"ಹಂಗಾರ ಇದನ್ನೂ ಅಂಚು ಸೇರಿಸಿ ಅಳೀರಿ, ಮಾಲಕ್ರ. ಗಿರಾಕಿಗಳ ಮುಂದನ ಅಳೀರಿ."

ಟೇಪು ಮೊಬೈಲಿನ ಮೇಲಿಂದ ಏಳಲಿಲ್ಲ.