ಬರಿಗಾಲು
ರಾತ್ರಿ ಮಂಚದ ಕೆಳಗಿನ ಲೊಚಲೊಚ ಸಪ್ಪಳಕ್ಕೆ ಪ್ರೇಮಲಾ ಎದ್ದು ಮೊಬೈಲ್ ಬೆಳಕು ಹಿಡಿದಳು. ಮನೆಯ ನಾಯಿ ಮೋತಿ ತನ್ನ ಪಾದ ನೆಕ್ಕಿಕೊಳ್ಳುತ್ತಿತ್ತು. ನಾಲ್ಕೂ ಅಂಗಾಲುಗಳಲ್ಲಿ ಗುಳ್ಳೆ ಎದ್ದಿದ್ದವು.

"ಮಧ್ಯಾನ್ನ ಅಂಗಳದಾಗಿನ ಕಾದ ಫರಸಿಕಲ್ಲ ಮ್ಯಾಲ ಇದನ್ನ ನಡೆಸಿರೇನ್ರಿ?" ಎಂದು ಗಂಡನನ್ನು ಅಲುಗಾಡಿಸಿದಳು.

"ನಾಯಿಗಿ ಚಪ್ಪಲ್ ಹಾಕ್ಸೋಣೇನು?" ಸೂರ್ಯಕಾಂತ ನಕ್ಕು ಮಗ್ಗಲು ಬದಲಿಸಿದ.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಅವನು ಮತ್ತೆ ಮೋತಿಯ ಸರಪಳಿ ಹಿಡಿದಾಗ ಅವಳು ಅವನ ಚಪ್ಪಲಿ ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತಳು. "ಮೊದಲ ನೀವೊಬ್ರೇ ಬರಿಗಾಲಾಗ ಗೇಟಿನ ತನಕ ಹೋಗಿ ಬರ್ರಿ."

ತಾಂಡೂರು ಕಲ್ಲು ಹಾಸಿದ ಅಂಗಳದಲ್ಲಿ ಅವನು ಬೀಗುತ್ತ ನಾಲ್ಕು ಹೆಜ್ಜೆ ಇಟ್ಟ. ಐದನೆಯದಕ್ಕೆ ಚೀರಿ, ಕುಣಿಯುತ್ತ ನೆರಳಿಗೆ ಓಡಿ ಬಂದ.

"ಏನಾತೋ ಸೂರ್ಯಾ?" ಒಳಗಿನಿಂದ ಅತ್ತೆ ಕೂಗಿದರು.

ಅವನು ಹೆಂಡತಿಯ ಮುಖ ನೋಡಿದ. ಸರಪಳಿಯನ್ನು ತಾನೇ ಮೊಳೆಗೆ ಸಿಕ್ಕಿಸಿದ. ಅವಳ ಸಿಟ್ಟು ಇಳಿದಿರಲಿಲ್ಲ. ಆದರೂ ಅವನು ಚೀರಿ ಓಡಿ ಬಂದದ್ದನ್ನು ಯಾರಿಗೂ ಹೇಳಬಾರದೆಂದು ನಿರ್ಧರಿಸಿದಳು.

"ಏನಿಲ್ರಿ ಅತ್ತಿ," ಎಂದಳು.